ಆದ್ದರಿಂದ ಮದುಮಗಳು ಬದುಕಿಲ್ಲ

ಸತ್ತವರ ಮದುವೆಗೆ ಧಾರೆ ಎರೆಯುವುದಿಲ್ಲ ಎಂದು ಮುಖೇಶ್ ಒಂದು ಕಾಲದಲ್ಲಿ ತನ್ನ ಅಪ್ಪನಿಗೆ ಮಾತು ಕೊಟ್ಟಿದ್ದ.

ಅಪ್ಪ ನೋಣಯ್ಯ ಮಾಸ್ಟ್ರು ಆಗ ಹಾಸಿಗೆ ಹಿಡಿದಿದ್ದರು. ಮುಖೇಶನಿಗೆ ಒಬ್ಬಳು ತಂಗಿ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿದ್ದಳು. ಬದುಕಿದ್ದರೆ ಪ್ರಾಯಕ್ಕೆ ಬಂದಿರುತ್ತಿದ್ದಳು, ಹಾಗೆಯೇ ತೀರಿಕೊಂಡ ಒಬ್ಬ ಹುಡುಗನನ್ನು ಹುಡುಕಿ ಅವಳಿಗೆ ಕುಲೆ ಮದುವೆ ಮಾಡಿಸಬೇಕು ಎನ್ನುವುದು ಅಮ್ಮ ನಳಿನಾಕ್ಷಿಯ ಆಸೆ. ಸತ್ತ ಮಕ್ಕಳಿಗೆ ಹೀಗೆ ಮದುವೆ ಮಾಡಿಸುವ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಆದರೆ ಮಾಸ್ಟ್ರು ಪುರಾವೆ ಇಲ್ಲದ ಯಾವುದನ್ನೂ ಹೊಸ್ತಿಲು ದಾಟಲು ಬಿಟ್ಟವರಲ್ಲ.

"ನಾನು ಹೋದ ಮೇಲೆ ಅವಳು ಶುರು ಮಾಡ್ತಾಳೆ. ನೀನು ಕೈ ಚಾಚಬಾರದು."

"ಇಲ್ಲಪ್ಪ," ಎಂದ ಮುಖೇಶ್. ಅಪ್ಪ ಹೋದರು, ಮಾತು ಉಳಿಯಿತು.

ಈಗ ಮುಖೇಶ್ ಅತ್ತಾವರದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರದ ಉಪನ್ಯಾಸಕ. ಮಳೆಗಾಲದ ಆಟಿ ತಿಂಗಳ, ಅಂದರೆ ಆಷಾಢದ, ಒಂದು ಬೆಳಿಗ್ಗೆ ಪಡೀಲಿನ ಮನೆಯಲ್ಲಿ ಗಡ್ಡ ಹೆರೆಯುತ್ತಿದ್ದಾಗ ಅಡುಗೆಮನೆಯಿಂದ ಅಮ್ಮ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. ಕಿವಿ ಮಂದವಾದವರ ಪಿಸುಮಾತು ಪಕ್ಕದ ಓಣಿಗೂ ಕೇಳಿಸುತ್ತದೆ.

"ಮದುವೆ ಆಟಿಯಲ್ಲೇ ಮುಗಿಸಿಬಿಡುವ. ಆಮಂತ್ರಣದ ಕಾಗದ ಗೀಗದ ಎಂತದ್ದೂ ಬೇಡ. ಸೀರೆ, ಬಳೆ ತಂದಾಯ್ತು. ಮುಖೇಶನಿಗೆ ಮಾತ್ರ ಈಗ ಹೇಳುದು ಬೇಡ. ಗೊತ್ತಾದ್ರೆ ವಾದಕ್ಕೆ ಕೂರ್ತಾನೆ."

ರೇಜರ್ ಗಲ್ಲಕ್ಕೆ ತಾಗಿತು. ರಕ್ತ ಒರೆಸಿಕೊಳ್ಳುತ್ತಲೇ ಅವನು ಕನ್ನಡಿಯೊಳಗಿನ ತನಗೆ ಪಾಠ ಮಾಡಿದ. ಆಟಿಯಲ್ಲಿ ಬದುಕಿದ್ದವರ ಮದುವೆ ನಡೆಯುವುದಿಲ್ಲ. ಈ ಆಟಿಯಲ್ಲಿ ನಮ್ಮ ಮನೆಯಲ್ಲಿ ಮದುವೆ ನಡೆಯಲಿದೆ. ಆದ್ದರಿಂದ ಮದುಮಗಳು ಬದುಕಿಲ್ಲ.

ಇಷ್ಟು ವರ್ಷದ ಪಾಠದಲ್ಲಿ ಇಂಥ ಗಟ್ಟಿ ತೀರ್ಮಾನ ಅವನಿಗೆ ಸಿಕ್ಕಿರಲಿಲ್ಲ. ಪ್ರೇತ ಎನ್ನುವುದು ಇಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ತಿಳಿವಳಿಕೆ ಬಿಸಿಲಿದ್ದಾಗ ಮಾತ್ರ ಗಟ್ಟಿ. ಆಟಿಯ ಕಪ್ಪು ಮೋಡದ ಕೆಳಗೆ ಅದು ಒದ್ದೆ ಹಪ್ಪಳದಂತೆ ಮೆತ್ತಗಾಗುತ್ತಿತ್ತು.

"ಸುಗಂಧಿ, ಮನೆಯಲ್ಲಿ ಎಂತಾದ್ರೂ ವಿಶೇಷ ಉಂಟಾ?" ಎಂದು ಹೆಂಡತಿಯನ್ನು ಕೇಳಿದ.

ಸುಗಂಧಿಯ ಕೈಯಿಂದ ಸೌಟು ಬಿತ್ತು. "ವಿಶೇಷವಾ? ಹಲಸಿನ ಬೀಜದ ಪಲ್ಯ ಉಂಟು. ನೀವು ಬೇಗ ಹೋಗಿ, ಬಸ್ಸು ಹೋಗ್ತದೆ."

ಹೆಂಡತಿಯೂ ಸೇರಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವನ ಮುಖ ನೋಡಿ ಇಬ್ಬರು ಹತ್ತಿರ ಬಂದರು. ಅರ್ಥಶಾಸ್ತ್ರದ ಯೂಸುಫ್ ಪೂರ್ತಿ ಕೇಳಿಸಿಕೊಂಡು, "ಅಮ್ಮನ ಹತ್ರವೇ ಕೇಳಿ ಮಾರಾಯ್ರೆ. ಒಂದು ಮಾತಲ್ಲಿ ಮುಗೀತದೆ," ಎಂದರು.

"ಪುರಾವೆ ಪೂರ್ತಿ ಸಿಗದೆ ಕೇಳುವುದು ಹೇಗೆ?"

"ಕೇಳಿದ್ರೆ ಅಲ್ವಾ ಪುರಾವೆ ಸಿಗುದು!"

ಲೈಬ್ರರಿಯ ವಿಲ್ಲಿಗೆ ಅಷ್ಟು ಸರಳವಾದದ್ದು ರುಚಿಸಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ. "ನಮ್ಮ ಓಣಿಯಲ್ಲಿ ಒಂದಾಗಿತ್ತು ಸರ್. ಎರಡು ಕುರ್ಚಿ ಇಡ್ತಾರೆ. ಒಂದಕ್ಕೆ ಸೀರೆ, ಬಳೆ, ಮಲ್ಲಿಗೆ. ಧಾರೆ ಎರೀಲಿಕ್ಕೆ ಅಣ್ಣ ಒಪ್ಪಲಿಲ್ಲ ನೋಡಿ, ಸೀರೆ ಇಟ್ಟ ಕುರ್ಚಿ ಎದ್ದು ನಿಂತಿತಂತೆ!"

"ಕುರ್ಚಿ ಯಾವಾಗಲೂ ನಿಂತೇ ಇರುತ್ತದಲ್ಲ ವಿಲ್ಲಿ," ಎಂದು ಮುಖೇಶ್ ನಗಲು ನೋಡಿದ.

ಮಧ್ಯಾಹ್ನದ ತರಗತಿ ಬಿಟ್ಟು ಬಸ್ಸು ಹತ್ತಿದ. ಒಂದು ಕಡೆ ಅಪ್ಪನಿಗೆ ಕೊಟ್ಟ ಮಾತು. ಇನ್ನೊಂದು ಕಡೆ ಅಮ್ಮ. ಬೇರೆಯವರ ಮನೆಯ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಅಮ್ಮ ಮೆಲ್ಲ ಎದ್ದು ಹೊರಗೆ ಹೋಗುತ್ತಿದ್ದದ್ದು ಅವನಿಗೆ ಆ ಬಸ್ಸಿನಲ್ಲಿ ಯಾಕೋ ನೆನಪಾಯಿತು. ಅದಕ್ಕೆ ಉತ್ತರ ತರ್ಕಶಾಸ್ತ್ರದ ಯಾವ ಪಾಠದಲ್ಲೂ ಇರಲಿಲ್ಲ. ಏನೇ ಆದರೂ ಮಾತು ಮಾತೇ, ಇವತ್ತು ಖಡಾಖಂಡಿತ ಬೇಡ ಎನ್ನುತ್ತೇನೆ ಎಂದು ನಿರ್ಧರಿಸಿ ಪಡೀಲಿನಲ್ಲಿ ಇಳಿದ.

ಮನೆಯ ಗೇಟಿನಲ್ಲಿ ಪಕ್ಕದ ಕ್ರಿಶ್ಚಿಯನ್ ಮನೆಯ ಒಸ್ವಾಲ್ಡ್ ಪೊರ್ಬು ನಿಂತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಕೇಕಿನ ಪೆಟ್ಟಿಗೆ. ಮುಖೇಶನನ್ನು ಕಂಡದ್ದೇ ತಡ, ಪಪ್ಪಾಯಿ ಗಿಡದ ಹಿಂದೆ ಸರಿದರು. ಗಿಡ ಸಪೂರ, ಪೊರ್ಬು ದಪ್ಪ.

"ಪೊರ್ಬುಗಳೇ, ಹೊರಗೆ ಬನ್ನಿ. ನಿಮಗೂ ಗೊತ್ತುಂಟು ಅಲ್ವಾ?"

"ನಾನು ಎಂತದ್ದೂ ಹೇಳಲಿಲ್ಲ ಮಾಸ್ಟ್ರೇ! ನೀವು ಬೇಗ ಬಂದದ್ದು ಯಾಕೆ?"

"ಹುಡುಗ ಯಾರು?"

ಒಸ್ವಾಲ್ಡರ ಮುಖ ಕೇಕಿನ ಕ್ರೀಮಿನ ಬಣ್ಣಕ್ಕೆ ಬಂತು. "ಹುಡುಗ ತುಂಬ ಪಾಪದವ. ಕುಡಿಯುದಿಲ್ಲ."

"ಕುಡಿಯುವುದಾದರೂ ಹೇಗೆ, ಪಾಪ!" ಎಂದು ಮುಖೇಶ್ ಒಳಗೆ ನಡೆದ. ಒಸ್ವಾಲ್ಡ್ ಬಾಯಿ ತೆರೆದು ನಿಂತರು.

ಅವನು ಚಪ್ಪಲಿ ಬಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಹೊರಗೆ ಮಳೆ ಧೋ ಎಂದಿತು. ಮನೆಯೊಳಗೆ ಮಣ್ಣಿನ ಮಡಕೆಯೊಳಗಿನಷ್ಟು ಕತ್ತಲೆ.

"ಅಮ್ಮಾ?"

ಅಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಲ್ಲಿಗೆಯ ಘಮ ಬಂತು. ಮುಖೇಶ್ ಇಣುಕಿದ. ಕಿಟಕಿಯ ಪಕ್ಕ ಒಂದು ಕುರ್ಚಿ, ಕುರ್ಚಿಯ ತುಂಬ ಜರಿಯ ಸೀರೆ, ಸೀರೆಯ ಮೇಲೆ ಕಟ್ಟಿದ ಮಲ್ಲಿಗೆ ಮಾಲೆಯ ಅಟ್ಟೆ. ಮುಖ ಇರಬೇಕಾದಲ್ಲಿ ಮುಖ ಇರಲಿಲ್ಲ.

ಕುರ್ಚಿ ಇದೆ, ಸೀರೆ ಇದೆ, ಆದ್ದರಿಂದ... ಎಂದು ಶುರುಮಾಡಿದ. ಮುಂದಿನ ವಾಕ್ಯ ಬರಲಿಲ್ಲ. ಸೀರೆಯೊಳಗೆ ಬಳೆ ಕಿಣಿಕಿಣಿ ಎಂದಿತು. ಆಮೇಲೆ ಸೀರೆ ನಿಧಾನಕ್ಕೆ ಎದ್ದು ನಿಂತಿತು.

ಮುಖೇಶ್ ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ತಬ್ಬಿಕೊಂಡ. "ಒಪ್ಪಿದೆ! ನಾನು ಒಪ್ಪಿದೆ! ನಾನೇ ಧಾರೆ ಎರೀತೇನೆ! ನೀನು ಕೂತ್ಕೋ ಮಾರಾಯ್ತಿ!"

ಅದು ಬರಿಯ ಹೆದರಿಕೆಯೋ, ಬಸ್ಸಿನಲ್ಲಿ ಒಳಹೊಕ್ಕ ಇನ್ನೇನೋ, ಅವನಿಗೂ ತಿಳಿಯಲಿಲ್ಲ.

ಕರೆಂಟು ಬಂತು. ಸೆರಗು ಸರಿಸಿದರೆ ಒಳಗಿದ್ದದ್ದು ಮಗಳು ಪ್ರಾಪ್ತಿ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ, ದಿನಾ ಬೆಳಿಗ್ಗೆ ಅವನಿಗೆ ಬೀಪಿ ನೋಡುವ, ಪೂರ್ತಿ ಜೀವಂತ ಪ್ರಾಪ್ತಿ. ಅಪ್ಪನ ಹೆಜ್ಜೆ ಸಪ್ಪಳಕ್ಕೆ ಹೆದರಿ ಮುಖ ಮುಚ್ಚಿಕೊಂಡಿದ್ದಳು.

"ಪಪ್ಪಾ, ನಿಜವಾಗಿಯೂ ಒಪ್ಪಿದ್ರಾ?" ಎಂದು ಅವಳು ಅಳತೊಡಗಿದಳು.

ಹಿಂದೆ ತಿರುಗಿದರೆ ಮೇಣದಬತ್ತಿ ಹಿಡಿದ ಅಮ್ಮ, ಸುಗಂಧಿ, ಕೇಕಿನ ಪೆಟ್ಟಿಗೆಯ ಒಸ್ವಾಲ್ಡ್, ಅವರ ಹೆಂಡತಿ ಮಾರ್ಸೆಲಿನ್ ಬಾಯಿ. ಅವರೆಲ್ಲರ ತಲೆಯ ಮೇಲಿಂದ ಕಾಣುವಷ್ಟು ಉದ್ದದ ಅವರ ಮಗ ಕೆವಿನ್.

"ಇವಳನ್ನು ನೋಡ್ಲಿಕ್ಕೆ ಬಂದ ಮೂರು ಗಂಡುಗಳನ್ನು ಪ್ರಶ್ನೆ ಕೇಳಿ ಕೇಳಿಯೇ ಓಡಿಸಿದವ ಇವ," ಎಂದರು ಅಮ್ಮ. "ಇಷ್ಟು ಬೇಗ ಒಪ್ಪಿದನಲ್ಲ! ನಾವು ಸುಮ್ಮನೆ ಹೆದರಿ ಸತ್ತೆವು."

"ಆದರೆ ಇದು ಆಟಿ!" ಎಂದ ಮುಖೇಶ್. ಅವನ ಪಾಲಿಗೆ ಲೋಕದಲ್ಲಿ ಉಳಿದಿದ್ದ ಒಂದೇ ಒಂದು ವಾದ ಅದು.

"ಆಟಿ ನಿಮಗೆ ಮಾಸ್ಟ್ರೇ. ನಮಗೆ ಎಂತ ಆಟಿ?" ಎಂದರು ಮಾರ್ಸೆಲಿನ್. "ಕೆವಿನ್‌ಗೆ ಕುವೈಟಿಂದ ರಜೆ ಸಿಕ್ಕಿದ್ದೇ ಈಗ. ಶುಕ್ರವಾರ ಇಬ್ಬರದ್ದೂ ರಿಜಿಸ್ಟರ್ ಮದುವೆ."

ಇಡೀ ದಿನ ಮದುಮಗಳ ಬಗ್ಗೆ ತಲೆ ಕೆಡಿಸಿಕೊಂಡವನಿಗೆ ಮದುಮಗನ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳು ನೂರಿದ್ದವು. ಆದರೆ ಓಣಿಗೆಲ್ಲ ಕೇಳುವಂತೆ ಒಪ್ಪಿಯಾಗಿತ್ತು. ಬೆಳಿಗ್ಗೆಯಿಂದ ಸತ್ತವರಿಗೆ ಹೆದರಿದ್ದ, ಇನ್ನು ಬದುಕಿದ್ದ ನೆಂಟರಿಗೆ ಹೆದರಬೇಕು.

ಅಮ್ಮ ಅವನನ್ನೇ ನೋಡುತ್ತಿದ್ದರು. "ಅಲ್ಲ ಮಗಾ, 'ಕೂತ್ಕೋ ಮಾರಾಯ್ತಿ' ಅಂದೆಯಲ್ಲ. ನೀನು ಯಾರು ಅಂತ ಎಣಿಸಿದ್ದು?"

ಮುಖೇಶ್ ನೆಲ ನೋಡಿದ. "ತಂಗಿ ಅಂತ."

ಅಮ್ಮ ಉರಿಯುತ್ತಿದ್ದ ಮೇಣದಬತ್ತಿಯನ್ನು ಆರಿಸುವುದನ್ನೇ ಮರೆತರು. "ಅವಳದ್ದಕ್ಕೂ ಒಪ್ಪಿದೆಯಾ ನೀನು?"

ಹೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂಬ ವಾದ ನಾಲಿಗೆಯ ತುದಿಯಲ್ಲಿತ್ತು. ಸರಿಯಾದ ವಾದವೇ. ಮುಖೇಶ್ ಅಮ್ಮನ ಮುಖ ನೋಡಿದ.

"ಹೌದಮ್ಮ."

"ಹಾಗಾದ್ರೆ ಬರುವ ಆಟಿಗೆ ಮಾಡುವ," ಎಂದರು ಅಮ್ಮ ಕಣ್ಣೊರೆಸಿಕೊಂಡು. "ಕೂಳೂರಿನಲ್ಲಿ ಒಂದು ಗಂಡು ನೋಡಿ ಇಟ್ಟಿದ್ದೇನೆ."

"ಎಂತ ಮಾಡ್ಕೊಂಡಿದ್ದಾನೆ?" ಅಭ್ಯಾಸಬಲದಿಂದ ಮುಖೇಶನ ಬಾಯಿಂದ ಬಂದೇಬಿಟ್ಟಿತು.

"ಸತ್ತಿದ್ದಾನೆ ಮಗಾ. ಇನ್ನೆಂತ ಮಾಡುದು?"

ಮರುವರ್ಷದ ಆಟಿಯಲ್ಲಿ ಮುಖೇಶ್ ಧಾರೆ ಎರೆದ. ಅಪ್ಪನಿಗೆ ಕೊಟ್ಟ ಮಾತು ಮುರಿಯಿತು.