ನಿಂತ ಕಾರಿನ ಬ್ರೇಕ್

ನನ್ನ ಮೈದುನನನ್ನು ಹೊರಗೆ ನೋಡಿದ ಯಾರೂ ಅವನಿಗೆ ತಲೆ ಸರಿಯಿಲ್ಲ ಎಂದು ಹೇಳುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಗಂಧ, ಎದುರು ಸಿಕ್ಕಿದವರಿಗೆಲ್ಲ ನಮಸ್ಕಾರ. ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಕಟ್ಟಡದಲ್ಲಿ ಅವನಷ್ಟು ಮರ್ಯಾದಸ್ಥ ಬೇರೆ ಇಲ್ಲವಂತೆ. ತಲೆ ಸರಿಯಿಲ್ಲ ಎಂದು ಹೇಳುವವಳು ನಾನೊಬ್ಬಳೇ. ಒಂದು ಮಳೆಗಾಲ ಪೂರ್ತಿ ಅವನ ಕಾರಿನ ಬ್ರೇಕ್ ಒತ್ತಿದವಳೂ ನಾನೊಬ್ಬಳೇ. ಕಾರು ಓಡುತ್ತಿರಲಿಲ್ಲ, ತಗಡಿನ ಶೆಡ್ಡಿನ ಕೆಳಗೆ ನಿಂತಲ್ಲೇ ನಿಂತಿತ್ತು. ನಿಂತ ಕಾರಿಗೆ ಬ್ರೇಕ್ ಒತ್ತಿಸುವವನನ್ನು ಏನೆಂದು ಕರೆಯಬೇಕು, ನೀವೇ ಹೇಳಿ.

ಅವನ ಕಾಯಿಲೆ ಒಂದೇ. ಹೊರಗಿನವರ ಕೈ ಮೇಲೆ ನಂಬಿಕೆ ಇಲ್ಲ. ಉಡುಪಿಯ ಕಡೆಯಿಂದ ನನ್ನ ಗಂಡನ ಜೊತೆ ಬಂದವನು, ಕಲ್ಯಾಣದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಮುದುಕನಾದ. ಊರಿನವರಿಗೆಲ್ಲ ಅಲ್ಲಿ ದೋಸೆ ತಿನ್ನಿಸಿದ, ತಾನು ಮಾತ್ರ ನಾನು ಕಟ್ಟಿಕೊಟ್ಟ ಬುತ್ತಿ ಉಂಡ. ಮದುವೆಯನ್ನೂ ಆಗಲಿಲ್ಲ. ಹೇಗೆ ಆದಾನು? ಹೆಂಡತಿಯೂ ಹೊರಗಿನಿಂದಲೇ ಬರಬೇಕಲ್ಲ.

ತಲೆಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಮುಂದಿನಿಂದ ನೋಡಿದರೆ ಪರವಾಗಿಲ್ಲ, ಹಿಂದಿನಿಂದ ನೋಡಿದರೆ ಇಲಿ ಕಡಿದ ಹಾಗಿರುತ್ತದೆ. ನನ್ನ ಮಿಕ್ಸಿ ಕೆಟ್ಟಾಗ ಬಿಚ್ಚಿ ಜೋಡಿಸಿದ. ಒಂದು ಸ್ಕ್ರೂ ಉಳಿಯಿತು.

"ಇದು ಎಲ್ಲಿಯದು?" ಎಂದು ಕೇಳಿದೆ.

"ಕಂಪನಿಯವರು ಹೆಚ್ಚಿಗೆ ಹಾಕಿದ್ದು ಅತ್ತಿಗೆ."

ಮರುದಿನ ಚಟ್ನಿ ಗೋಡೆಗೆ ಹೋಯಿತು. ಗೋಡೆ ಒರೆಸಿದ್ದು ಕಂಪನಿಯವರಲ್ಲ.

ಕಳೆದ ವರ್ಷ ಠಾಣೆಯ ಆಸ್ಪತ್ರೆಯಲ್ಲಿ ನನ್ನ ಬಲಗಾಲಿನ ಮಂಡಿ ಬದಲಿಸಿದರು. ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: ಕಾಲನ್ನು ಮಡಚಿ ಚಾಚಿ ಮಾಡುತ್ತಿರಬೇಕು, ಮಾಡದಿದ್ದರೆ ಮಂಡಿ ಹಾಗೆಯೇ ಬಿಗಿದುಕೊಳ್ಳುತ್ತದೆ, ಆಮೇಲೆ ವಾಕರ್ ಬಿಟ್ಟು ನಡೆಯುವ ಆಸೆ ಇಟ್ಟುಕೊಳ್ಳಬೇಡಿ. ವ್ಯಾಯಾಮ ಮಾಡಿಸಲು ಒಬ್ಬಳು ಹುಡುಗಿ ಮನೆಗೆ ಬಂದಳು. ನೋವಿಗೆ ನನ್ನ ಕಣ್ಣಲ್ಲಿ ನೀರು ಬಂದರೆ ಅವಳು "ವೆರಿ ಗುಡ್ ಆಜೀ" ಎನ್ನುತ್ತಿದ್ದಳು. ನನಗೆ ನೋವಾದರೆ ಗುಡ್ಡು ಎನ್ನುವವಳು ನನ್ನ ಮನೆಗೆ ಬೇಡ ಎಂದು ಕಳಿಸಿಬಿಟ್ಟೆ. ಮಗ ಬೈದ. ಸೊಸೆ ಕೈ ಮುಗಿದಳು. ಕಾಲು ನನ್ನದು, ನಿಮ್ಮದಲ್ಲ ಎಂದು ಹೇಳಿ ಅದನ್ನು ಸ್ಟೂಲಿನ ಮೇಲೆ ನೀಟಾಗಿ ಚಾಚಿ ಕೂತೆ. ಮೈದುನ ಮಾತ್ರ ಆ ಚಾಚಿದ ಕಾಲನ್ನು ಒಮ್ಮೆ ನೋಡಿ ಕಾರು ಒರೆಸಲು ಹೋದ.

ಅದೇ ವಾರ ಆಸ್ಪತ್ರೆಗೆ ತೋರಿಸಲು ಅವನ ಕಾರಿನಲ್ಲಿ ಹೋಗಿ ಬಂದೆವು. ಬರುವಾಗ ಮೇಲ್ಸೇತುವೆಯ ಇಳಿಜಾರಿನಲ್ಲಿ ಅವನ ಮುಖ ಬಿಳಿಚಿಕೊಂಡಿತು. ಬ್ರೇಕ್ ಹಿಡಿಯಿತು, ಆದರೆ ಬಹಳ ತಡವಾಗಿ.

ಮನೆಗೆ ಬಂದು ಬಾನೆಟ್ ಎತ್ತಿ ಒಂದು ಸಣ್ಣ ಡಬ್ಬಿಯ ಮುಚ್ಚಳ ತೆಗೆದು ನೋಡಿದ. "ಬ್ರೇಕ್ ಆಯಿಲ್ ಜೇನಿನ ಬಣ್ಣ ಇರ್ಬೇಕು ಅತ್ತಿಗೆ. ಇದು ಡಿಕಾಕ್ಷನ್ ಆಗಿದೆ. ಎರಡು ವರ್ಷಕ್ಕೊಮ್ಮೆ ಬದಲಿಸ್ಬೇಕಿತ್ತು, ನಾನು ಮರ್ತೆ."

"ಗ್ಯಾರೇಜಿಗೆ ಕೊಡು ಮಾರಾಯ."

"ಗ್ಯಾರೇಜಿನವ ಹಳತರ ಮೇಲೆ ಹೊಸತು ಹೊಯ್ದು ಕೊಡ್ತಾನೆ. ನಿನ್ನೆಯ ಸಾಂಬಾರಿಗೆ ಇವತ್ತಿನದ್ದು ಬೆರೆಸಿದ ಹಾಗೆ. ನಾನೇ ಮಾಡ್ತೇನೆ. ಒಬ್ಬರು ಪೆಡಲ್ ಒತ್ಲಿಕ್ಕೆ ಬೇಕು, ನೀವು ಬನ್ನಿ."

"ನಾನಾ? ಮಂಡಿ ಕೊಯ್ಸಿಕೊಂಡವಳು ನಾನು."

"ಇಲ್ಲಿ ಸುಮ್ಮನೆ ಕೂತಿದ್ದೀರಲ್ಲ, ಅಲ್ಲಿ ಬಂದು ಕೂತ್ಕೊಳ್ಳಿ."

ಮಗ ಸೊಸೆ ಇಬ್ಬರೂ ಬೆಳಗ್ಗೆಯೇ ಲೋಕಲ್ ಹಿಡಿದು ನವಿ ಮುಂಬಯಿಯ ಆಫೀಸಿಗೆ ಹೋಗಿದ್ದರು. ಇವನಿಗೆ ಬುದ್ಧಿ ಹೇಳುವವರು ಮನೆಯಲ್ಲಿ ಇರಲಿಲ್ಲ. ನಮ್ಮದು ಗ್ರೌಂಡ್ ಫ್ಲೋರ್, ಶೆಡ್ಡು ಬಾಗಿಲಿನ ಎದುರಿಗೇ. ವಾಕರ್ ಊರಿಕೊಂಡು, ಬೈಯುತ್ತಾ ಬೈಯುತ್ತಾ ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ.

ಅವನ ಕ್ರಮ ಕೇಳಿ. ಚಕ್ರಗಳಿಗೆ ಕಲ್ಲು ಕೊಡಬೇಕು. ಆಯಿಲಿನ ಡಬ್ಬಿಯಿಂದ ಎಲ್ಲಕ್ಕಿಂತ ದೂರದ್ದು ಹಿಂದಿನ ಎಡಚಕ್ರ, ಅಲ್ಲಿಂದ ಶುರು. ಚಕ್ರದ ಒಳಬದಿಯಲ್ಲಿ ಒಂದು ಸಣ್ಣ ನಟ್ಟು ಉಂಟು. ಅದರ ಬಾಯಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯನ್ನು ಬಾಟಲಿಯೊಳಗೆ ಬಿಡುವುದು. ಬಾಟಲಿ ಯಾವುದು? ನಾನು ಪುನರ್ಪುಳಿ ಶರಬತ್ತಿಗೆ ಇಟ್ಟಿದ್ದ ಗಾಜಿನ ಬಾಟಲಿ. ನಾನು ಪೆಡಲ್ ಒತ್ತಿ ಹಿಡಿಯಬೇಕು. ಅವನು ಗೋಣಿಚೀಲದ ಮೇಲೆ ಮಲಗಿ ನಟ್ಟು ಸಡಿಲಿಸುತ್ತಾನೆ. ಆಗ ಕೊಳಕು ಆಯಿಲು ಬಾಟಲಿಗೆ ಬೀಳುತ್ತದೆ, ನನ್ನ ಕಾಲು ಪೆಡಲಿನ ಜೊತೆ ಪಾತಾಳಕ್ಕೆ ಇಳಿಯುತ್ತದೆ. ನಟ್ಟು ಬಿಗಿ ಮಾಡಿ ಅವನು "ಬಿಡಿ" ಎಂದ ಮೇಲೆಯೇ ನಾನು ಕಾಲೆತ್ತಬೇಕು. ಮೊದಲೇ ಎತ್ತಿದರೆ ಒಳಗೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಬ್ರೇಕ್ ಹಿಡಿಯುವುದಿಲ್ಲ. ನಡುನಡುವೆ ಅವನು ಎದ್ದು ಬಂದು ಮೇಲಿನ ಡಬ್ಬಿಗೆ ಹೊಸ ಆಯಿಲು ಹೊಯ್ಯುತ್ತಿರಬೇಕು, ಅದು ಬರಿದಾದರೂ ಗಾಳಿಯೇ.

"ಒತ್ತಿ."

"ಒತ್ತಿದೆ."

"ಹಿಡೀರಿ. ಅಯ್ಯೋ, ಬಿಡ್ಲಿಕ್ಕೆ ಯಾರು ಹೇಳಿದ್ದು?"

"ನೋವಾಗ್ತದೆ."

"ಗಾಳಿ ಹೋಯ್ತು. ಇನ್ನು ಮೊದಲಿಂದ."

"ಗಾಳಿ ಹೋದದ್ದು ನಿನ್ನ ತಲೆಗೆ."

ಹೊಸ ಆಯಿಲಿನ ಒಂದು ಹನಿ ಕಾರಿನ ಮೇಲೆ ಬಿತ್ತು. ಓಡಿ ನೀರು ತಂದು ತೊಳೆಯುವಷ್ಟರಲ್ಲಿ ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆಯ ಹಾಗೆ ಬಣ್ಣ ಎದ್ದು ಬಂತು. ನನಗೆ ಬಹಳ ಸಮಾಧಾನವಾಯಿತು.

ನಾಲ್ಕೂ ಚಕ್ರ ಮುಗಿದವು. ಪೆಡಲ್ ಗಟ್ಟಿಯಾಯಿತು. ಇನ್ನು ಎರಡು ವರ್ಷ ಪೀಡೆ ತಪ್ಪಿತು ಎಂದುಕೊಂಡೆ. ನಾಲ್ಕು ದಿನವಾಗಲಿಲ್ಲ, ಬಾಗಿಲಲ್ಲಿ ಬಂದು ನಿಂತ.

"ಅತ್ತಿಗೆ, ಬ್ರೇಕ್ ಆಯಿಲ್."

"ಮೊನ್ನೆ ಮಾಡಿದ್ದು ಎಂತದು? ಕಷಾಯವಾ?"

"ಈ ಆಯಿಲ್ ಗಾಳಿಯಲ್ಲಿರುವ ನೀರನ್ನು ಕುಡೀತದೆ. ಹಪ್ಪಳದ ಡಬ್ಬಿ ತೆರೆದಿಟ್ರೆ ಹಪ್ಪಳ ಮೆತ್ತಗಾಗ್ತದಲ್ಲ, ಹಾಗೆ. ಆ ನೀರು ಬಿಸಿಗೆ ಕುದಿದ್ರೆ ಬ್ರೇಕ್ ಹಿಡಿಯೋದಿಲ್ಲ."

"ಎರಡು ವರ್ಷ ಅಂತ ಹೇಳಿದ್ದು ನೀನೇ."

"ಅದು ಬೆಂಗಳೂರಿಗೆ. ಇಲ್ಲಿ ಮಳೆ ಜಾಸ್ತಿ."

ಇದಕ್ಕೆ ಏನು ಹೇಳುತ್ತೀರಿ? ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ. ಒಂದು ದಿನ ಮುಂದಿನ ಚಕ್ರದ ಮೇಲೆ ಸಂಶಯ, ಇನ್ನೊಂದು ದಿನ ಹಿಂದಿನದರ ಮೇಲೆ. ಸೀಟನ್ನಾದರೂ ಇದ್ದಲ್ಲಿ ಇರಲು ಬಿಡುತ್ತಾನೆಯೇ? ವಾರಕ್ಕಿಷ್ಟು ಎಂದು ಮುಂದಕ್ಕೆ ಎಳೆಯುತ್ತಾನೆ. ನಾನು ಮಂಡಿ ಮಡಚಿಕೊಂಡು ಸಾಯಬೇಕು. ಕೇಳಿದರೆ "ಪೆಡಲ್ ಪೂರ್ತಿ ಒಳಗೆ ಹೋಗ್ಬೇಕು ಅತ್ತಿಗೆ" ಎನ್ನುತ್ತಾನೆ. ಒಂದು ದಿನ ಅವನನ್ನು ಬೈಯುವ ಭರದಲ್ಲಿ ವಾಕರ್ ಅನ್ನು ಮನೆಯೊಳಗೇ ಮರೆತು ಶೆಡ್ಡಿಗೆ ಬಂದುಬಿಟ್ಟಿದ್ದೆ. ಬಿದ್ದಿದ್ದರೆ? ಅದಕ್ಕೂ ಅವನೇ ಹೊಣೆ.

ಸೊಸೈಟಿಯ ಸೆಕ್ರೆಟರಿ ಹಾಲು ತರಲು ಹೊರಟವರು ನಿಂತು ನೋಡಿ, ಮತ್ತೆಯೂ ಅದೇನಾ ಎಂದು ಮರಾಠಿಯಲ್ಲಿ ಕೇಳಿದರು. "ಕಾಯ್ ಅಣ್ಣಾ, ಪುನ್ಹಾ ಬ್ರೇಕ್ ಆಯಿಲ್?"

"ಸೇಫ್ಟಿ, ಸಾಹೇಬ್," ಎಂದ ಇವನು ಕಾರಿನ ಅಡಿಯಿಂದ.

ಸೆಕ್ರೆಟರಿ ನನ್ನ ಕಡೆ ನೋಡಿ ಕನಿಕರದಿಂದ ತಲೆಯಾಡಿಸಿದರು. ಕನಿಕರ ಯಾರಿಗೆ ಬೇಕು? ಬಂದು ಪೆಡಲ್ ಒತ್ತಲಿ.

ಚೌತಿಯ ಹಿಂದಿನ ವಾರ ಮತ್ತೆ ಕರೆದ. ಹೋಗಿ ಕೂತೆ.

"ಒತ್ತಿ. ಹಿಡೀರಿ."

ಹಿಡಿದೆ. ಪೆಡಲ್ ಕಲ್ಲಿನ ಹಾಗೆ ನಿಂತಿತ್ತು. ನಟ್ಟು ಸಡಿಲಿಸಿದರೆ ಅದು ಕೆಳಗೆ ಇಳಿಯಬೇಕು. ಇಷ್ಟು ಒತ್ತಿದ ಮೇಲೆ ಅಷ್ಟು ನನಗೂ ಗೊತ್ತಾಗುತ್ತದೆ.

"ನಟ್ಟು ತೆಗ್ದೆಯಾ?"

"ತೆಗ್ದೆ ಅತ್ತಿಗೆ. ಆಯಿಲ್ ಬರ್ತಾ ಉಂಟು. ಬಿಡಿ."

ಸುಳ್ಳ. ಸಿಕ್ಕಿಬಿದ್ದ ಎಂದುಕೊಂಡೆ. ಸದ್ದಾಗದಂತೆ ಬಾಗಿಲು ತೆರೆದು, ಕಾರಿನ ಮೈ ಹಿಡಿದುಕೊಂಡು ಹಿಂದಕ್ಕೆ ಹೋದೆ. ಬಾಯಿ ತುಂಬ ಬೈಗುಳ ಕೂಡಿಸಿಕೊಂಡೇ ಹೋಗಿದ್ದೆ.

ಕೊಳವೆ ಇರಲಿಲ್ಲ. ಬಾಟಲಿ ಇರಲಿಲ್ಲ. ನಟ್ಟು ತಿರುಗಿಸುವ ಪಾನಾ ಇರಲಿಲ್ಲ. ಇಸ್ತ್ರಿಯ ಅಂಗಿ ಹಾಕಿಕೊಂಡು ಗೋಣಿಚೀಲದ ಮೇಲೆ ಮಗ್ಗುಲಾಗಿದ್ದ. ಎರಡು ಕೈಯೂ ಖಾಲಿ. ಒಂದು ಕೈ ತಲೆಯ ಅಡಿಗೆ, ಇನ್ನೊಂದು ಸೊಂಟದ ಮೇಲೆ. ಮೈ ಕೆಳಗೆ ಮಳೆಯ ನೀರು ಹರಿದು ಬಂದು ಚೀಲ ಅರ್ಧ ನೆನೆದಿತ್ತು. ಕಣ್ಣು ಮುಚ್ಚಿಕೊಂಡು ಚಕ್ರಕ್ಕೆ ಹೇಳುತ್ತಿದ್ದ: "ಮತ್ತೆ ಒತ್ತಿ ಅತ್ತಿಗೆ. ನಿನ್ನೆಗಿಂತ ಸ್ವಲ್ಪ ಜಾಸ್ತಿ."

ಎಂಥ ಮೂರ್ಖ. ಆ ಕೊಚ್ಚೆಯಲ್ಲಿ, ಆ ವಯಸ್ಸಿನಲ್ಲಿ. ಎಷ್ಟು ದಿನದಿಂದ ಹೀಗೆ ಬರಿಗೈಯಲ್ಲಿ ಮಲಗುತ್ತಿದ್ದನೋ.

ಬಂದ ಹಾಗೆಯೇ ಹಿಂತಿರುಗಿ ಹೋಗಿ ಕೂತೆ. ಒತ್ತಿದೆ.

"ಹಿಡೀರಿ," ಎಂದ. ಆಮೇಲೆ "ನೋವಾಗ್ತದಾ?" ಎಂದು ಕೇಳಿದ. ಅದುವರೆಗೆ ಒಂದು ದಿನವೂ ಕೇಳಿರಲಿಲ್ಲ.

"ಅದೆಲ್ಲ ನಿನಗೆ ಯಾಕೆ? ಆಯಿಲ್ ಬರ್ತಾ ಉಂಟಾ, ಅದನ್ನು ಹೇಳು."

"ಬರ್ತಾ ಉಂಟು ಅತ್ತಿಗೆ. ಚೆನ್ನಾಗಿ ಬರ್ತಾ ಉಂಟು."

"ಹಾಗಾದ್ರೆ ಹಿಡಿದಿರ್ತೇನೆ," ಎಂದೆ.