ಕಲ್ಲಿನ ಮುಂದೆ ನಾಲ್ಕು ಎಲೆ

ಸತ್ತವರ ಊಟದ ಚಿಂತೆಯಲ್ಲಿ ಬದುಕಿರುವವರನ್ನು ಅರೆಜೀವ ಮಾಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಹನ್ನೊಂದು ವರ್ಷ ಅವರಿಗೆ ಅಡುಗೆ ಮಾಡಿ ಬಡಿಸಿದ್ದೇನೆ. ಅವರು ನನ್ನ ಗಂಡನ ತಂದೆ, ನನ್ನ ಮಾವ!

ಮಾವ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಮೊದಲನೇ ಮಹಾಯುದ್ಧ ಬಂದಾಗ, ಯಾರೂ ಬಲವಂತ ಮಾಡದಿದ್ದರೂ ತಾವಾಗಿಯೇ ಹೆಸರು ಕೊಟ್ಟು, ಕಾಲಾಳು ಪಡೆ ಸೇರಿ ಸಮುದ್ರ ದಾಟಿದರು. ಜೊತೆಗೆ ಹೋದ ನಾಲ್ವರು ಗೆಳೆಯರು ಅಲ್ಲೇ ಮಣ್ಣಾದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮರಳಿ ಇಳಿದವರು ಇವರೊಬ್ಬರೇ. ನಾನು ಸೊಸೆಯಾಗಿ ಬಂದ ವರ್ಷ ಆ ಪಡೆಯ ಸಾಹೇಬರೊಬ್ಬರು ಅಂಚೆಯಲ್ಲಿ ಒಂದು ಫೋಟೋ ಕಳಿಸಿದರು. ಯುದ್ಧ ನಡೆದ ಮರಳುಗಾಡಿನಲ್ಲಿ ಪಡೆಯ ನೆನಪಿಗೆಂದು ಎತ್ತರದ ಕಂಬ ನಿಲ್ಲಿಸಿದ್ದರಂತೆ. ಮನೆಮಂದಿಯೆಲ್ಲ "ಅಬ್ಬಾ!" ಎಂದು ಬಾಯಿಬಿಟ್ಟರೆ, ಮಾವ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು:

"ಎಲ್ಲಾ ಸರಿ. ಎಡೆ ಇಕ್ಕಾಕೆ ಜಾಗ ಎಲ್ಲೈತೆ?"

ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಅವರಿಷ್ಟದ ಅಡುಗೆಯನ್ನೇ ಬಡಿಸಬೇಕು ಎಂದು ಪಾಪ ಆ ಸಾಹೇಬರಿಗೆ ಹೇಳುವವರು ಯಾರು? ಹೇಳಿದರೂ ಅಷ್ಟು ದೂರ ಹೋಗಿ ಎಲೆ ಹಾಕುವವರು ಯಾರು? "ನಾನೇ ಒಂದು ನಿಲ್ಲಿಸ್ತೀನಿ" ಎಂದರು ಮಾವ. ಅತ್ತೆ ನಕ್ಕರು. ತಿಂಗಳು ತುಂಬುವುದರೊಳಗೆ ಆಳೆತ್ತರದ ಕಲ್ಲುಚಪ್ಪಡಿ ಎತ್ತಿನ ಗಾಡಿಯೇರಿ ಬಂದು, ಕ್ಯಾಸಂಬಳ್ಳಿ ದಾರಿಯ ನಮ್ಮ ರಾಗಿ ಹೊಲದ ಬದುವಿನಲ್ಲಿ ನಿಂತೇಬಿಟ್ಟಿತು. ಅತ್ತೆಯ ನಗು ನಿಂತಿತು.

ಪಕ್ಕದ ಹೊಲದವನು ಶಾನುಭೋಗರನ್ನೇ ಕರೆತಂದ. "ಗಡಿಕಲ್ಲು ಜರುಗಿಸವ್ನೆ ಸಾಮಿ, ನೋಡಿ!" ಮಾವ ಎದೆ ಸೆಟೆಸಿ ಕಲ್ಲಿಗೊಂದು ಸಲ್ಯೂಟ್ ಹೊಡೆದರು.

"ಗಡಿಕಲ್ಲಲ್ಲ ಕಣ್ಲಾ. ನಮ್ಮೋರು ನಾಲ್ಕು ಜನ ನಿಂತವ್ರೆ ಇಲ್ಲಿ. ನೀನೂ ಒಡಿ ಸಲ್ಯೂಟು!"

ನಂಬುತ್ತೀರೋ ಇಲ್ಲವೋ, ಮೊದಲು ಹೊಡೆದವರು ಶಾನುಭೋಗರು!

ಆಮೇಲೆ ಅಮಾವಾಸ್ಯೆ ಬಂತು, ಆ ನಾಲ್ವರ ಎಡೆಗಾಗಿ ಶುರುವಾಯಿತು ನನ್ನ ಯುದ್ಧ. ಮಾರಿಕುಪ್ಪದ ಮುನಿಸಾಮಿಗೆ ಕರುವಾಡಿನ ಸಾರೇ ಆಗಬೇಕು. ಹಬ್ಬದ ಮನೆಯೆಲ್ಲ ಒಣಮೀನಿನ ಘಮಘಮ! ತೆಲುಗು ಸೀಮೆಯ ಎರ್ರಪ್ಪನಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಗೋಂಗೂರ ಸೊಪ್ಪು. ನಮ್ಮೂರಿನ ನಂಜನಿಗೆ ಹಿತಕಿದ ಅವರೆಬೇಳೆ ಸಾರು.

"ಮಾವ, ಅವರೆ ಇನ್ನೂ ಹೂವೇ ಬಿಟ್ಟಿಲ್ಲ" ಎಂದೆ.

"ಅವ್ನಿಗೆ ಅದೇ ಇಷ್ಟ ಕಣಮ್ಮಾ, ನಾನೇನ್ ಮಾಡ್ಲಿ?"

ಕಡೆಗೆ ಒಣಗಿದ ಅವರೆಕಾಳು ನೆನೆಹಾಕಿ, ಒಂದೊಂದೇ ಹಿಸುಕಿ ಸಿಪ್ಪೆ ಬಿಡಿಸಿದೆ. ಬೆರಳ ತುದಿ ಎರಡು ದಿನ ಸುಕ್ಕುಗಟ್ಟಿತ್ತು.

ನಾಲ್ಕನೆಯವನು ಆಂಡರ್ಸನ್‌ಪೇಟೆಯ ಚಿನ್ನಪ್ಪ. ಅವನ ಎಲೆ ಮಾತ್ರ ಖಾಲಿ! "ಎರಡು ವರ್ಷ ಒಂದೇ ತಟ್ಟೇಲಿ ಉಂಡ್ವಿ ಕಣಮ್ಮಾ. ನಿಂಗೇನಿಷ್ಟ ಅಂತ ಒಂದಿನಾನೂ ಕೇಳ್ಲಿಲ್ಲ" ಎಂದು ಮಾವ ತಲೆ ತಗ್ಗಿಸಿದರು. ತಗ್ಗಿಸಿ ಸುಮ್ಮನೆ ಕೂರುವ ತಲೆಯೇ ಅದು? ಮುಂದಿನ ಭಾನುವಾರದಿಂದಲೇ ಆಂಡರ್ಸನ್‌ಪೇಟೆಗೆ ನಡಿಗೆ ಶುರು. ಮಳೆ ಬಂದರೂ ನಿಲ್ಲಲಿಲ್ಲ, ಮಂಡಿ ನೋವು ಬಂದರೂ ನಿಲ್ಲಲಿಲ್ಲ. ಬಾಗಿಲು ಬಾಗಿಲಿಗೂ "ಯುದ್ಧಕ್ಕೋದ ಚಿನ್ನಪ್ಪನ ಮನೆ ಇದೇನಾ? ಅವ್ನಿಗೆ ಊಟಕ್ಕೇನಿಷ್ಟ?" ಆ ಪೇಟೆಯಲ್ಲಿ ಚಿನ್ನಪ್ಪಂದಿರಿಗೇನು ಬರವೇ! ಒಬ್ಬ ಚಿನ್ನಪ್ಪ ಖುದ್ದಾಗಿ ಹೊರಗೆ ಬಂದು, "ನಾನಿನ್ನೂ ಸತ್ತಿಲ್ಲಣ್ಣೋ. ಆದ್ರೂ ನೀನು ಕೇಳ್ದಲ್ಲ ಅಂತ ಏಳ್ತೀನಿ, ನಂಗೆ ಕೋಳಿ ಸಾರು ಇಷ್ಟ" ಎಂದನಂತೆ!

ನಾಲ್ಕು ವರ್ಷ ಅಲೆದ ಮೇಲೆ ನಿಜವಾದ ಚಿನ್ನಪ್ಪನ ತಾಯಿ ಸಿಕ್ಕಳು. ಅಂದು ಮಾವನಿಗೆ ಮೈ ಸರಿಯಿರಲಿಲ್ಲವೆಂದು ನಾನೂ ಜೊತೆಗೆ ಹೋಗಿದ್ದೆ. ಮಾವ ಕೈಕಟ್ಟಿ ನಿಂತು ಕೇಳಿದರು. ಮುದುಕಿ ಅವರ ಮುಖ ನೋಡಿ ಹೇಳಿದಳು:

"ಇಕ್ಕಿದ್ದು ಉಂಡು ಓಗ್ತಿದ್ದ ಮಗ. ಏನಿಷ್ಟ ಅಂತ ನಾನೂ ಕೇಳ್ಲಿಲ್ಲಪ್ಪಾ."

ಮನೆಯ ಹೊಸ್ತಿಲು ದಾಟುವಾಗ ಮಾವ, "ಅವ್ನ ಎಲೆಗೆ ಎಲ್ಲಾದ್ರಲ್ಲೂ ಒಂದೊಂದು ಚೂರು ಇಕ್ಕಮ್ಮಾ. ಯಾವ್ದಾದ್ರೂ ಒಂದು ಇಷ್ಟ ಇದ್ದೇ ಇರ್ತದೆ" ಎಂದರು. ಅಂದಿನಿಂದ ಚಿನ್ನಪ್ಪನ ಎಲೆಯೇ ಎಲ್ಲಕ್ಕಿಂತ ತುಂಬಿರುತ್ತಿತ್ತು.

ಮಾವ ತೀರಿಕೊಂಡ ಮರುವರ್ಷದ ಅಮಾವಾಸ್ಯೆಗೆ ಐದನೆಯ ಎಲೆ ಬೇಕಾಯಿತು. "ಅವ್ರಿಗೇನಿಷ್ಟಾನೋ ಅದು ಮಾಡೇ" ಎಂದರು ಅತ್ತೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮುನಿಸಾಮಿಯ ಕರುವಾಡು ಗೊತ್ತು, ನಂಜನ ಅವರೆಬೇಳೆ ಗೊತ್ತು, ಆ ಜೀವಂತ ಚಿನ್ನಪ್ಪನ ಕೋಳಿ ಸಾರೂ ಗೊತ್ತು. ಹನ್ನೊಂದು ವರ್ಷ ನನ್ನ ಕೈಯಾರೆ ಬಡಿಸಿದ ಮಾವನಿಗೆ ಏನಿಷ್ಟ? ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಮುಂದೆ ಕೂತುಬಿಟ್ಟರು. ನನಗೂ ಅಳು ತಡೆಯಲಾಗಲಿಲ್ಲ.

ಎಲ್ಲಾದರಲ್ಲೂ ಒಂದೊಂದು ಚೂರು ಹಾಕಿ, ಐದೂ ಎಲೆಗಳನ್ನು ಹೊಲಕ್ಕೆ ಒಯ್ದು ಕಲ್ಲಿನ ಮುಂದೆ ಇಟ್ಟೆ. ಅಕ್ಕಪಕ್ಕದ ಹೊಲದವರು ನೋಡುತ್ತಿದ್ದರು, ನೋಡಲಿ. ಮಾವನ ಹಾಗೆಯೇ ನೆಟ್ಟಗೆ ನಿಂತು, ಆ ನಾಲ್ವರನ್ನೂ ಬಾಯಿಬಿಟ್ಟು ಕೇಳಿದೆ:

"ಮಾವಂದಿರಾ, ನೀವು ಒಂದೇ ತಟ್ಟೇಲಿ ಉಂಡೋರು. ನಮ್ಮ ಮಾವನಿಗೆ ಏನಿಷ್ಟ? ನಿಮ್ಗಾದ್ರೂ ಗೊತ್ತಾ?"