ಗಾಡಿ ಬರದ ಮನೆಯ ಬೆಲೆ

ಮನೆ ಕೊಡಿಸುವ ಕೆಲಸಕ್ಕೆ ಕೈ ಹಾಕಿದವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಮನೆ ನೋಡಲು ಬರುವವರೇ ಅದರ ವ್ಯವಸ್ಥೆ ಮಾಡಿಕೊಂಡು ಬರುತ್ತಾರೆ. ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದರ ಜೊತೆಗೆ ಮನೆ, ಪ್ಲಾಟು ಕೊಡಿಸುವ ದಲ್ಲಾಳಿ ಕೆಲಸವನ್ನೂ ಮಾಡುತ್ತೇನೆ. ಮೊದಲೆಲ್ಲ ಬಂದವರು ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಬಾಗಿಲು ಯಾವ ದಿಕ್ಕಿಗಿದೆ, ಮಗ್ಗುಲು ಮನೆಯವರು ಜಗಳಗಂಟರೋ ಹೇಗೆ ಎಂದು ಕೇಳುತ್ತಿದ್ದರು. ಈಗ ಚಪ್ಪಲಿ ಬಿಡುವ ಮೊದಲೇ ಒಂದೇ ಪ್ರಶ್ನೆ: "ಗಾಡಿ ಎಲ್ಲಿ ನಿಲ್ಲಸೂದ್ರಿ?"

ಇಲ್ಲಿ ಹೇಳುತ್ತಿರುವುದೆಲ್ಲ ಒಂದೇ ಮನೆಗೆ ಸಂಬಂಧಿಸಿದ್ದು. ಹಳೆ ಊರಿನ ಓಣಿಯೊಂದರಲ್ಲಿ ಒಬ್ಬ ಅಕ್ಕೋರ ಮನೆ. ಅಕ್ಕೋರು ಅಂದರೆ ನಮ್ಮಲ್ಲಿ ಸಾಲೆಯ ಶಿಕ್ಷಕಿ. ಅವರಿಗೆ ಬಸವನ ಬಾಗೇವಾಡಿಗೆ ವರ್ಗವಾಗಿತ್ತು. ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬರುತ್ತಿದ್ದರು. ಬಾಗೇವಾಡಿಯಲ್ಲಿ ಸಾಲೆಯ ಹಿಂದೆಯೇ ಒಂದು ಮನೆ ನೋಡಿಟ್ಟಿದ್ದರು. ಆ ಮನೆಯವರು ದಸರೆಯ ತನಕ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಸಿಂದಗಿಯ ಮನೆ ಮೂವತ್ತು ಲಕ್ಷಕ್ಕೆ ಹೋದರೆ ಬಾಗೇವಾಡಿಯ ಮನೆ ಅಕ್ಕೋರಿಗೆ ಸಿಗುತ್ತದೆ, ಅದಕ್ಕಿಂತ ಕಡಿಮೆಗೆ ಹೋದರೆ ಮತ್ತೆ ಬಸ್ಸೇ ಗತಿ.

ಮನೆಗೆ ಕುಂದು ಹೇಳುವಂತಿರಲಿಲ್ಲ. ಸಾಗವಾನಿ ಬಾಗಿಲು, ತಂಪಾದ ಪಡಸಾಲೆ, ನಾಲ್ಕು ಖೋಲಿ, ಮುಂದೆ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕಾಲು ಚಾಚಿ ಕೂತಿರುವ ಅಕ್ಕೋರ ಅತ್ತೆ. ಕೊರತೆ ಒಂದೇ. ಓಣಿಯಲ್ಲಿ ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾಗುತ್ತಿತ್ತು.

೧. ಬೀಗರ ಗಾಡಿ

ಮೊದಲು ಬಂದವರು ಮುದ್ದೇಬಿಹಾಳದ ಒಬ್ಬ ಅರಿವೆ ವ್ಯಾಪಾರಿ, ಹೆಂಡತಿಯ ಜೊತೆ. ಸಿಂದಗಿಯಲ್ಲಿ ಇನ್ನೊಂದು ಅಂಗಡಿ ತೆಗೆಯುವವರಿದ್ದರು. ಇಬ್ಬರೂ ಬಸ್ಸಿನಲ್ಲಿ ಬಂದು, ನನ್ನ ಹಿಂದೆ ನಡೆದುಕೊಂಡು ಓಣಿಗೆ ಬಂದರು. ಹೆಂಡತಿ ಅಡುಗೆ ಮನೆಯ ಮಾಡ, ನೆಲುವು ಎಲ್ಲ ಮುಟ್ಟಿ ನೋಡಿ, ಇಲ್ಲಿ ಉಪ್ಪಿನಕಾಯಿ ಭರಣಿ, ಅಲ್ಲಿ ಹಿಟ್ಟಿನ ಡಬ್ಬಿ ಎಂದು ಸಾಮಾನು ಜೋಡಿಸಿಯೇ ಬಿಟ್ಟಿದ್ದರು. ವ್ಯವಹಾರ ಮುಗಿಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಆಗ ಯಜಮಾನರು ಹೊರಗೆ ಬಂದು ಓಣಿಯ ಎರಡೂ ಕಡೆ ನೋಡಿದರು.

"ಎಲ್ಲಾ ಚಲೋ ಐತ್ರಿ. ಆದ್ರ ಗಾಡಿ ಬರೂದಿಲ್ಲಲ್ಲ. ಎರಡ ಲಕ್ಷ ಕಡಿಮಿ ಮಾಡ್ರಿ."

"ನಿಮ್ಮದು ಯಾವ ಗಾಡಿ ಐತ್ರಿ?" ಎಂದೆ.

"ನಮ್ಮದೆಲ್ಲಿ ಗಾಡೀರಿ! ನಮಗ್ಯಾಕ ಗಾಡಿ? ನಾಳೆ ಮಗಳ್ನ ನೋಡಾಕ ಬೀಗರು ಬರ್ತಾರಲ್ಲ, ಅವ್ರೆಲ್ಲಿ ನಿಲ್ಲಸ್ಬೇಕು? ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟು ನಡಕೊಂಡ ಬರ್ರಿ ಅನ್ನಾಕ ಬರ್ತೈತೇನು? ಮರ್ಯಾದಿ ಪ್ರಶ್ನಿರಿ."

ಮಾತಿನಲ್ಲಿ ನ್ಯಾಯವಿತ್ತು. ಹೆಣ್ಣು ಕೊಡುವವರ ಕಷ್ಟ ನನಗೂ ಗೊತ್ತು. ಅಕ್ಕೋರು ಮಾತ್ರ ಚಹಾದ ಬಟ್ಟಲು ಕೊಡುತ್ತಾ ಕೇಳಿದರು: "ಮಗಳು ಏನ್ ಓದಾಕತ್ತಾಳ್ರಿ?"

"ನಾಲ್ಕನೇ ಕ್ಲಾಸ್ ರೀ."

ಅಕ್ಕೋರು ನಗಲಿಲ್ಲ. ಸಾಲೆಯಲ್ಲಿ ತಪ್ಪು ಲೆಕ್ಕ ತೋರಿಸುವಾಗಿನ ಧ್ವನಿಯಲ್ಲೇ ಹೇಳಿದರು: "ಆ ಕೂಸು ಮದುವಿಗೆ ಬರೂದ್ರಾಗ ಗಾಡಿ ಮ್ಯಾಲ ಹಾರಾಡತಿರ್ತಾವ್ರಿ. ಬೀಗರು ಸೀದಾ ಮಾಳಗಿ ಮ್ಯಾಲ ಇಳೀಲಿ. ಅದಕ್ಕ ಬೇಕಾದ್ರ ಎರಡ ಲಕ್ಷ ಜಾಸ್ತಿ ಕೊಡ್ರಿ."

೨. ಇಂಡಿಯವರ ಲಿಂಬೆಹಣ್ಣು

ಎರಡನೆಯವರು ಇಂಡಿ ಊರಿನ ಒಬ್ಬ ಲಿಂಬೆ ವ್ಯಾಪಾರಿ. ಅವರದು ಹೊಸ ಗಾಡಿ, ದೊಡ್ಡದು. ಹೊರಗೆ ಹೊರಟಾಗಲೆಲ್ಲ ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಟ್ಟು ಹೊರಡುವ ಪದ್ಧತಿ ಅವರದು. ಮನೆಯಲ್ಲೇ ಮಾಲು ಇರುವಾಗ ಚಿಂತೆ ಯಾಕೆ?

ಗಾಡಿಯನ್ನು ಮುಖ್ಯ ರಸ್ತೆಯಲ್ಲೇ ಬಿಟ್ಟು ಬನ್ನಿ ಎಂದು ಫೋನಿನಲ್ಲಿ ಹೇಳಿದ್ದೆ. "ನೋಡೇ ಬಿಡೂಣು ತಡೀರಿ" ಎಂದವರು ಓಣಿಗೆ ನುಗ್ಗಿಸಿಯೇ ಬಿಟ್ಟರು. ಎರಡು ಮೋಟಾರ್ ಸೈಕಲ್, ಒಂದು ನೀರಿನ ಡ್ರಮ್ಮು, ಕಟ್ಟಿದ ಒಂದು ಆಡು ಎಲ್ಲವನ್ನೂ ಜನ ಸರಿಸಿದರು. ಅತ್ತೆಯವರು ಕಟ್ಟೆಯ ಮೇಲಿಂದ, "ನನ್ನ ಕಾಲ ಮಡಚತೇನಿ, ಈಗ ಬಾರಪ್ಪಾ" ಎಂದು ಕಾಲು ಮಡಚಿದರು. ಗಾಡಿ ಬಂದು ಸರಿಯಾಗಿ ಅಕ್ಕೋರ ಮನೆಯ ಮುಂದೆ ನಿಂತಿತು. ವ್ಯಾಪಾರಿ ಗೆದ್ದವರ ಹಾಗೆ ನನ್ನ ಕಡೆ ನೋಡಿ ಬಾಗಿಲು ತೆಗೆದರು. ಬಾಗಿಲು ನಾಲ್ಕು ಬೆರಳು ತೆರೆದು ಕಟ್ಟೆಗೆ ಬಡಿಯಿತು. ಆ ಕಡೆಯ ಬಾಗಿಲು ಎದುರು ಮನೆಯ ಗೋಡೆಗೆ ಬಡಿಯಿತು.

ಹಿಂದಕ್ಕೆ ಹೋಗೋಣವೆಂದರೆ ಆಡಿನವನು ಆಡನ್ನು ಮತ್ತೆ ಅಲ್ಲೇ ಕಟ್ಟಿ ಹೊಲಕ್ಕೆ ಹೋಗಿಬಿಟ್ಟಿದ್ದ. ಬೇರೆಯವರ ಆಡಿಗೆ ಕೈ ಹಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಅವನನ್ನು ಕರೆದು ತರುವ ತನಕ ಮನೆ ನೋಡುವ ಶಾಸ್ತ್ರ ಗಾಡಿಯೊಳಗಿಂದಲೇ ನಡೆಯಿತು. ಅಕ್ಕೋರು ಕಿಟಕಿಯಿಂದ ಚಹಾ ಕೊಟ್ಟರು. ನಾನು ಒಳಗೆ ಹೋಗಿ ಒಂದೊಂದೇ ಖೋಲಿಯ ಫೋಟೋ ತೆಗೆದು ತಂದು ಮೊಬೈಲಿನಲ್ಲಿ ತೋರಿಸಿದೆ. ಗಾಡಿಯ ಕಿಟಕಿ, ಅತ್ತೆಯವರ ಕಿವಿ ಒಂದೇ ಎತ್ತರಕ್ಕೆ ಬಂದಿದ್ದರಿಂದ ಅವರು ವ್ಯಾಪಾರಿಯ ಊರು, ಮನೆತನ, ತಾಯಿಯ ತವರು, ಮಂಡಿನೋವಿಗೆ ಏನು ಹಚ್ಚುತ್ತಾರೆ ಎಲ್ಲವನ್ನೂ ತಿಳಿದುಕೊಂಡರು.

ಆಡು ಬಿಚ್ಚಿದ ಮೇಲೆ ವ್ಯಾಪಾರಿ ಗಾಡಿಯನ್ನು ಹಿಂದೆ ಹಿಂದೆ ಸರಿಸುತ್ತಾ ಕಿಟಕಿಯಿಂದ ಕೂಗಿ ಹೇಳಿದರು: "ಮನಿ ಭಾಳ ಪಸಂದ ಬಂತ್ರಿ! ಇಳಿಯಾಕ ಬಂದಿದ್ರ ತಗೋತಿದ್ದೆ!"

೩. ಹನುಮಂತನ ಪಾರ್ಕಿಂಗ್

ಇಷ್ಟಾದ ಮೇಲೆ ನಾನೂ ಸ್ವಲ್ಪ ಬುದ್ಧಿ ಓಡಿಸಿದೆ. ಓಣಿಯ ಬಾಯಿಗೆ ಹನುಮಂತ ದೇವರ ಗುಡಿ, ಅದರ ಮುಂದೆ ಅಗಲವಾದ ಬಯಲು. ಮೂರನೆಯ ಗಿರಾಕಿಗೆ, "ಪಾರ್ಕಿಂಗ್ ಐತ್ರಿ, ನಾಲ್ಕ ಹೆಜ್ಜಿ ಮ್ಯಾಲ" ಎಂದು ಹೇಳಿ ಗಾಡಿಯನ್ನು ಅಲ್ಲೇ ನಿಲ್ಲಿಸಿದೆ. ಅವರೊಬ್ಬ ಬ್ಯಾಂಕ್ ಸಾಹೇಬರು, ದಕ್ಷಿಣದ ಕಡೆಯವರು, ಮೆಲ್ಲಗೆ ಮಾತಾಡುವವರು. ಮನೆ ಹಿಡಿಸಿತು. ಮೂವತ್ತಕ್ಕೂ ತಯಾರಿದ್ದರು. ಅಕ್ಕೋರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಕಂಡಿತು.

ನಾನು ಮರೆತಿದ್ದು ಒಂದೇ, ಅಂದು ಶನಿವಾರ. ಹೊಸ ಗಾಡಿ ತಂದವರು ಶನಿವಾರ ಆ ಗುಡಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸುತ್ತಾರೆ. ನಾವು ಹೊರಗೆ ಬರುವಷ್ಟರಲ್ಲಿ ಬ್ಯಾಂಕ್ ಸಾಹೇಬರ ಗಾಡಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಮುಂದಿನ ಗಾಜಿನ ಮೇಲೆ ಕುಂಕುಮದ ಸ್ವಸ್ತಿಕ, ಬಾನೆಟ್ಟಿನ ಮೇಲೆ ಎಣ್ಣೆ, ಕೆಳಗೆ ಒಡೆದ ಕಾಯಿ. ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ಗಾಡಿಯ ಒಡೆಯನಿಗಾಗಿ ಕಾಯುತ್ತಿದ್ದರು. ಸಾಹೇಬರು ಹೆದರಿ ಹೆದರಿಯೇ, "ಇದು ಆರು ವರ್ಷ ಹಳೇ ಗಾಡಿ ಸ್ವಾಮಿ" ಎಂದರು.

ಪೂಜಾರಿ ತಟ್ಟೆ ಇನ್ನಷ್ಟು ಮುಂದೆ ಚಾಚಿದರು. "ಹಳೇದಕ್ಕ ಜಾಸ್ತಿ ಬೇಕಾಗ್ತೈತ್ರಿ. ಮುಂದ ಪ್ರತಿ ಶನಿವಾರ ಇಲ್ಲೇ ನಿಲ್ಲಸವ್ರದೀರಂತಲ್ಲ? ತಿಂಗಳದ್ದು ಒಮ್ಮಿಗೇ ಮಾತಾಡಿಬಿಡೂಣು."

೪. ಬರ್ತೈತೋ, ಬರೂದಿಲ್ಲೋ

ಬ್ಯಾಂಕ್ ಸಾಹೇಬರು ಮತ್ತೆ ಆ ಕಡೆ ಸುಳಿಯಲಿಲ್ಲ. ದಸರೆಗೆ ಹದಿನೈದು ದಿನ ಉಳಿದಿತ್ತು. ಬಾಗೇವಾಡಿಯವರು ಎರಡು ಸಲ ಫೋನ್ ಮಾಡಿದ್ದರು. ಒಂದೆರಡು ಲಕ್ಷ ಇಳಿಸೋಣವೇ ಎಂದು ನಾನು ಕೇಳಿದ್ದಕ್ಕೆ ಅಕ್ಕೋರು ಸಿಟ್ಟಾದರು. "ಅಣ್ಣಾರ, ಇವ್ರು ನನ್ನ ಮನಿ ಬೆಲಿ ಕಟ್ಟಾಕ ಬರ್ತಾರೋ, ರಸ್ತೇದ ಬೆಲಿ ಕಟ್ಟಾಕ ಬರ್ತಾರೋ? ರಸ್ತಾ ನಾ ಮಾರಾಕತ್ತಿಲ್ಲ" ಎಂದವರ ಕಣ್ಣು ತುಂಬಿತ್ತು. ನಾನು ಇಂಥದಕ್ಕೆಲ್ಲ ಹೆಚ್ಚು ಮನಸ್ಸು ಕೊಡುವವನಲ್ಲ, ಕೊಟ್ಟರೆ ದಲ್ಲಾಳಿ ಕೆಲಸ ಆಗುವುದಿಲ್ಲ. ಆದರೂ ಅಂದು ಬಟ್ಟಲಿನ ಚಹಾ ಅರ್ಧ ಬಿಟ್ಟು ಬಂದೆ.

ಮರುದಿನ ಒಬ್ಬ ಸಾಹೇಬರು ಬಂದರು. ಕಾಲುವೆ ಕಚೇರಿಯವರು. ಆಲಮಟ್ಟಿಯಿಂದ ಸಿಂದಗಿ ಕಡೆಗೆ ವರ್ಗವಾಗಿ ಬಂದಿದ್ದರು, ಹೆಂಡತಿಯ ತವರೂ ಇಲ್ಲೇ. ನಡೆದುಕೊಂಡೇ ಬಂದರು. ಬಂದವರೇ ಕೇಳಿದ್ದು: "ಈ ಓಣ್ಯಾಗ ಗಾಡಿ ಬರ್ತೈತೇನ್ರಿ?"

ನಾನು ತಯಾರಾಗಿದ್ದೆ. "ಬರ್ತೈತ್ರಿ! ಮೊನ್ನೆ ಇಂಡಿಯವ್ರದು ದೊಡ್ಡ ಗಾಡಿ ಬಾಗಿಲಕ್ಕ ಬಂದಿತ್ತು."

ಸಾಹೇಬರ ಮುಖ ಇಳಿಯಿತು. "ಹೌದಾ... ಹಂಗಿದ್ರ ಬ್ಯಾಡ ಬಿಡ್ರಿ" ಎಂದು ತಿರುಗಿದರು.

ಅಕ್ಕೋರು ಬಾಗಿಲಲ್ಲೇ ನಿಂತಿದ್ದರು. ಹೋಗುವವರಿಗೆ ಸುಳ್ಳು ಯಾಕೆ ಎನಿಸಿತೇನೋ. "ಇಲ್ರಿ, ಅಣ್ಣಾರು ಸುಳ್ಳ ಹೇಳಾಕತ್ತಾರ. ಗಾಡಿ ಬರೂದಿಲ್ಲ. ಬಂದ್ರ ಇಳಿಯಾಕ ಆಗೂದಿಲ್ಲ, ಇಳಿದ್ರ ಹೋಗಾಕ ಆಗೂದಿಲ್ಲ."

ಸಾಹೇಬರು ಬಂದು ಕಟ್ಟೆಯ ಮೇಲೆ ಅತ್ತೆಯವರ ಪಕ್ಕ ಕೂತೇಬಿಟ್ಟರು. ಅವರ ಕತೆ ಹೀಗಿತ್ತು. ಆಲಮಟ್ಟಿಯಲ್ಲಿ ಕಚೇರಿಯ ಜೀಪು ಮನೆಯ ಮುಂದೆ ನಿಲ್ಲುತ್ತಿತ್ತು. ಜೀಪು ಕಂಡರೆ ಸಾಹೇಬರು ಇದ್ದಾರೆ ಎಂದರ್ಥ. ಕಾಲುವೆಯ ಕೊನೆಯ ಹೊಲದವರು ಬೆಳಕು ಹರಿಯುವ ಮೊದಲೇ ಬಂದು, ನೀರು ಯಾವಾಗ ಬಿಡುತ್ತೀರಿ ಎಂದು ಕೇಳುತ್ತಿದ್ದರು. "ಅವ್ರದೇನೂ ತಪ್ಪಿಲ್ರಿ. ಆದ್ರ ನೀರ ಬಿಡೂದು ನನ್ನ ಕೈಯಾಗಿಲ್ಲ. ಸ್ನಾನಕ್ಕ ಹೋದ್ರ ಬಚ್ಚಲ ಕಿಡಕ್ಯಾಗ ನಿಂತು, ಸಾಹೇಬ್ರ ನಿಮಗ ಎರಡ ಬಕೆಟ್ ಬರ್ತೈತಿ, ನಮಗ್ಯಾಕ ಬರೂದಿಲ್ಲ ಅಂತ ಕೇಳ್ತಿದ್ರು. ನನಗ ಜೀಪ ನಿಲ್ಲಾಕ ಜಾಗಾ ಇಲ್ಲದ ಮನಿ ಬೇಕ್ರಿ. ಎಷ್ಟು?"

ನಾನು ಮೂವತ್ತು ಎನ್ನಲು ಬಾಯಿ ತೆರೆದೆ. ಅಕ್ಕೋರು ನನಗಿಂತ ಮೊದಲೇ ಹೇಳಿದರು: "ಮನಿಗೆ ಮೂವತ್ತು. ಗಾಡಿ ಬರೂದಿಲ್ಲಲ್ಲ, ಅದಕ್ಕ ಒಂದ ಲಕ್ಷ ಬ್ಯಾರೆ."

೫. ಜೀಪು ನಿಂತ ಜಾಗ

ಸಾಹೇಬರು ಬೇರೆ ಮಾತಾಡದೆ ಒಪ್ಪಿದರು. ಆದರೆ ಸಂಚಕಾರದ ಮುಂಗಡ ಹಣ ಕೊಡುವ ಹೊತ್ತಿಗೆ ಅವರ ಕೈ ನಿಂತಿತು. "ಅಲ್ರಿ, ಮತ್ತ ಜೀಪ ಎಲ್ಲಿ ನಿಲ್ಲಸ್ಲಿ?"

ಅಕ್ಕೋರ ಮುಖ ನೋಡಿದೆ. ದಸರೆ ಹತ್ತಿರ ಬಂದಿತ್ತು. ನಮ್ಮ ಮನೆ ಹೊಸ ಬಡಾವಣೆಯಲ್ಲಿದೆ. ಮುಂದೆ ನನ್ನ ಹೆಂಡತಿ ಶಾವಿಗೆ, ಸಂಡಿಗೆ ಒಣಗಿಸುವ ಬಯಲಿದೆ. "ನಮ್ಮ ಮನಿ ಮುಂದ ನಿಲ್ಲಸ್ರಿ ಸಾಹೇಬ್ರ, ಅದೇನ್ ದೊಡ್ಡ ಮಾತು!" ಎಂದುಬಿಟ್ಟೆ. ಜೀವನದಲ್ಲಿ ಕಮಿಷನ್ ಇಲ್ಲದೆ ಕೊಡಿಸಿದ ಜಾಗ ಅದೊಂದೇ.

ಖರೀದಿ ಮುಗಿಯಿತು. ಅಕ್ಕೋರು ಅತ್ತೆಯ ಜೊತೆ ದಸರೆಗೆ ಮೊದಲೇ ಬಾಗೇವಾಡಿ ಸೇರಿದರು. ಈಗ ಗಂಟೆ ಬಾರಿಸಿದ ಮೇಲೆ ಮನೆ ಬಿಟ್ಟರೂ ಪ್ರಾರ್ಥನೆಗೆ ಸಿಗುತ್ತಾರಂತೆ. ಡ್ರೈವರ್ ಸಂಜೆ ಜೀಪನ್ನು ನಮ್ಮ ಮನೆಯ ಮುಂದೆ ಬಿಟ್ಟು ಹೋಗುವುದು, ಸಾಹೇಬರು ಒಂಬತ್ತು ಗಂಟೆಗೆ ನಡೆದು ಬಂದು ಹತ್ತುವುದು ಎಂದು ಠರಾವಾಯಿತು.

ಮೊದಲನೆಯ ಬೆಳಿಗ್ಗೆ ಬಾಗಿಲು ತೆಗೆದರೆ ತುಳಸಿಕಟ್ಟೆಯ ಸುತ್ತ ಆರು ಜನ ಕೂತಿದ್ದರು. ಯಂಕಂಚಿ ಹಳ್ಳಿಯ ರೈತರು. ಎದ್ದು ನಿಂತು ಕೈ ಮುಗಿದರು. "ಸಾಹೇಬ್ರ, ನೀರ ಯಾವಾಗ ಬಿಡ್ತೀರಿ?"

"ನಾ ಸಾಹೇಬ ಅಲ್ರಿ!"

ಅವರಲ್ಲಿ ಹಿರಿಯರು ಜೀಪಿನ ಬೋರ್ಡು ನೋಡಿದರು, ನನ್ನನ್ನು ನೋಡಿದರು, ನಕ್ಕರು. "ಮೊದಲಿನ ಸಾಹೇಬ್ರೂ ಹಿಂಗ ಅಂತಿದ್ರು ಬಿಡ್ರಿ."

ಸಾಹೇಬರ ಮನೆ ತೋರಿಸುವಂತಿರಲಿಲ್ಲ. ಅವರು ಒಂದು ಲಕ್ಷ ಹೆಚ್ಚು ಕೊಟ್ಟಿದ್ದು ಅದಕ್ಕೇ. ದಿನಾ ಜನ ಬಂದರು, ದಿನಾ ಹೆಂಡತಿ ಚಹಾ ಮಾಡಿದಳು. ಸಂಡಿಗೆ ಒಣಗಿಸಲು ಜಾಗ ಉಳಿಯಲಿಲ್ಲ. ಒಂದು ಬೆಳಿಗ್ಗೆ ತಾಳ್ಮೆ ಹಾರಿ, ಮನೆಯ ಮುಂದೆ ಕೂತ ಜನ ಎದ್ದು ಹೋದರೆ ಸಾಕೆಂದು, "ಗುರುವಾರ ಬಿಡ್ತಾರ, ಹೋಗ್ರಿ" ಎಂದಳು.

ಗುರುವಾರ ಕಾಲುವೆಗೆ ನೀರು ಬಂತು.

ಅಂದು ಸಾಹೇಬರೇ ನನ್ನ ಅಂಗಡಿಗೆ ಬಂದು ಮೆಲ್ಲಗೆ ಕೇಳಿದರು: "ನಿಮ್ಮ ಮನ್ಯಾಗ ಹೆಂಗ ಗೊತ್ತಾತ್ರಿ? ನಮಗ ಬುಧವಾರ ತನಕ ಗೊತ್ತಿರ್ಲಿಲ್ಲ." ಶುಕ್ರವಾರ ಬೆಳಿಗ್ಗೆ ಮನೆಯ ಮುಂದೆ ಆರರ ಜಾಗದಲ್ಲಿ ಇಪ್ಪತ್ತು ಜನ ಇದ್ದರು. ನನ್ನನ್ನು ಯಾರೂ ಕೇಳಲಿಲ್ಲ. "ಸಾಹೇಬ್ರಿಗೇನ್ ಗೊತ್ತ ಇರಂಗಿಲ್ಲೋ, ಬಾಯಾರ್ನ ಕರೀರಿ" ಎಂದು ನನ್ನ ಹೆಂಡತಿಗಾಗಿ ಒಳಗೆ ಇಣುಕಿದರು.

ಆ ಸಂಜೆ ಹೆಂಡತಿ ಒಂದೇ ಮಾತು ಹೇಳಿದಳು: "ಈ ಮನಿ ಮಾರಿಬಿಡ್ರಿ. ಗಾಡಿ ಬರದಂಥಾ ಓಣ್ಯಾಗ ಒಂದ ಮನಿ ನೋಡ್ರಿ."

ಯಾರಾದರೂ ಗಿರಾಕಿ ಇದ್ದರೆ ತಿಳಿಸಲಿ ಎಂದು ಬಾಗೇವಾಡಿಗೆ ಫೋನ್ ಮಾಡಿ ಅಕ್ಕೋರಿಗೂ ಹೇಳಿದೆ. ಮೂವತ್ತೈದು ಲಕ್ಷ ಎಂದೆ. ಅಕ್ಕೋರು ಎಲ್ಲ ಸಮಾಧಾನದಿಂದ ಕೇಳಿಸಿಕೊಂಡರು.

"ನಿಮ್ಮ ಕೆಲಸ ಮಾಡಿಕೊಡ್ತೇನಿ ಅಣ್ಣಾರ, ನೀವು ನನಗ ಮಾಡೀರಿ. ಆದ್ರ ಮನಿ ಮುಂದ ಗಾಡಿ ನಿಲ್ಲಾಕ ಜಾಗಾ ಐತಿ ಅಂತೀರಿ. ಎರಡ ಲಕ್ಷ ಕಡಿಮಿ ಮಾಡಬೇಕಾಗ್ತೈತಿ."